ಒಂದೇ ಫೋನಿನೊಳಗೆ ಮನೆ, ತೋಟ ಮತ್ತು ಕಚೇರಿ

ಸೈಬರ್ ಸುರಕ್ಷತೆಯ ಬಗ್ಗೆ ನಮ್ಮ ಕೈಗೆ ಬರುವ ಸಲಹೆಗಳಲ್ಲಿ ಬಹುಪಾಲು ಮಹಾನಗರದ ನೌಕರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಕಂಪನಿಯೇ ಕೊಟ್ಟ ಲ್ಯಾಪ್‌ಟಾಪ್, ಸ್ವಂತಕ್ಕೆ ಬೇರೊಂದು ಫೋನ್, ಏನಾದರೂ ಎಡವಟ್ಟಾದರೆ ನೋಡಿಕೊಳ್ಳಲು ಐಟಿ ವಿಭಾಗ, ಇವೆಲ್ಲ ಇರುವವರಿಗೆ ಮನೆ ಬೇರೆ, ಕೆಲಸ ಬೇರೆ ಎಂದು ಗೆರೆ ಎಳೆಯುವುದು ಸುಲಭ. ಕೊಡಗಿನಲ್ಲಿ ಹಾಗಿಲ್ಲ. ನಾನು ಗೋಣಿಕೊಪ್ಪದ ಒಂದು ಕಾಫಿ ವ್ಯಾಪಾರದ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಸಣ್ಣ ತೋಟವಿದೆ, ಎರಡು ಕೋಣೆಗಳ ಹೋಂಸ್ಟೇ ಇದೆ. ಬೆಳಿಗ್ಗೆ ರೋಬಸ್ಟಾ ಚೆರ್ರಿಯ ದರ ಬರುವುದು, ಬೆಂಗಳೂರಿನ ಅತಿಥಿಗಳು ಕೋಣೆ ಕಾದಿರಿಸುವುದು, ಕೆಲಸದವರ ಬಟವಾಡೆಗೆ ಹಣ ಕಳಿಸುವುದು, ಬ್ಯಾಂಕಿನ ಒಟಿಪಿ ಬರುವುದು, ಕುಟುಂಬದ ಗುಂಪಿನಲ್ಲಿ ಮದುವೆಯ ಕರೆಯೋಲೆ ಬೀಳುವುದು, ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ಕ್ಯಾಮೆರಾದಲ್ಲಿ ನೋಡುವುದು, ಎಲ್ಲವೂ ಒಂದೇ ಫೋನಿನಲ್ಲಿ. ನಮ್ಮ ಸುತ್ತಮುತ್ತಲಿನ ಹೆಚ್ಚಿನವರ ಸ್ಥಿತಿಯೂ ಇದೇ. ಆದ್ದರಿಂದ ಮನೆಯಲ್ಲಿ ಸಡಿಲ ಬಿಟ್ಟ ಅಭ್ಯಾಸ ಕಚೇರಿಯ ಖಾತೆಗೆ ದಾರಿಯಾಗುತ್ತದೆ, ಕಚೇರಿಯಲ್ಲಿ ಹಂಚಿಕೊಂಡ ಪಾಸ್‌ವರ್ಡ್ ಮನೆಯ ಉಳಿತಾಯಕ್ಕೆ ಸಂಚಕಾರ ತರುತ್ತದೆ. ಈ ಕಾರಣಕ್ಕಾಗಿಯೇ ಎರಡನ್ನೂ ಒಟ್ಟಿಗೆ ಇಟ್ಟು ಬರೆಯುತ್ತಿದ್ದೇನೆ.

ನನ್ನ ಮುಖ್ಯ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೋಸದ ಕರೆ ಬಂದಾಗ ಬುದ್ಧಿ ಉಪಯೋಗಿಸಿ ಪಾರಾಗುತ್ತೇವೆ ಎಂದು ನಂಬುವುದು ಸರಿಯಲ್ಲ, ಏಕೆಂದರೆ ಆ ಕರೆಯ ಉದ್ದೇಶವೇ ನಮಗೆ ಯೋಚಿಸಲು ಪುರುಸೊತ್ತು ಕೊಡದಿರುವುದು. ಕರೆ ಬರುವ ಮುಂಚೆಯೇ, ತಲೆ ತಣ್ಣಗಿರುವಾಗ, ಮನೆಯವರು ಮತ್ತು ಕಚೇರಿಯವರು ಕೂತು ಮಾಡಿಕೊಂಡ ಕೆಲವು ನಿಯಮಗಳೇ ಆ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದು.

ಹೋಂಸ್ಟೇ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತಿರಬೇಕಾದ ಸಂಗತಿ. ಕಾರ್ಯಪ್ಪ ಮತ್ತು ತಿಮ್ಮಯ್ಯ ಅವರ ಊರಿನಲ್ಲಿ ಸೈನ್ಯದ ಹೆಸರು ಹೇಳಿಕೊಂಡು ಬಂದವರನ್ನು ಅನುಮಾನಿಸುವುದು ನಮ್ಮ ಸ್ವಭಾವಕ್ಕೆ ಒಗ್ಗುವುದಿಲ್ಲ ಎಂಬುದು ವಂಚಕರಿಗೂ ತಿಳಿದಿದೆ. ಕರೆ ಮಾಡಿದವನು ತಾನು ಸೇನೆಯ ಅಧಿಕಾರಿ, ಕುಟುಂಬದೊಂದಿಗೆ ನಾಲ್ಕು ದಿನ ಉಳಿಯಲು ಬರುತ್ತಿದ್ದೇನೆ ಎನ್ನುತ್ತಾನೆ. ದರದ ಬಗ್ಗೆ ಚೌಕಾಸಿ ಮಾಡುವುದಿಲ್ಲ, ಕೋಣೆಯ ಚಿತ್ರವನ್ನೂ ಸರಿಯಾಗಿ ನೋಡುವುದಿಲ್ಲ, ಕೇಳದೆಯೇ ಗುರುತಿನ ಚೀಟಿಯ ಮತ್ತು ಕ್ಯಾಂಟೀನ್ ಕಾರ್ಡಿನ ಫೋಟೋ ಕಳಿಸುತ್ತಾನೆ. ಆಮೇಲೆ ಮುಂಗಡ ಕಳಿಸುವ ಮಾತು ಬರುತ್ತದೆ. ಸೇನೆಯ ಲೆಕ್ಕಪತ್ರ ವಿಭಾಗದಿಂದ ಹಣ ಬರಬೇಕಾದರೆ ಮೊದಲು ನಿಮ್ಮ ಖಾತೆ ಪರಿಶೀಲನೆಯಾಗಬೇಕು, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಎರಡು ಪಟ್ಟು ಹಣ ವಾಪಸು ಬರುತ್ತದೆ ಎನ್ನುತ್ತಾನೆ. ಈ ಕಥೆಯಲ್ಲಿ ಪ್ರತಿಯೊಂದು ವಿವರವೂ ನಂಬಿಕೆ ಹುಟ್ಟಿಸುವಂತೆಯೇ ಇರುತ್ತದೆ, ಕೊನೆಯ ಹೆಜ್ಜೆಯೊಂದನ್ನು ಬಿಟ್ಟು. ಯುಪಿಐ ಪಿನ್ ಬೇಕಾಗುವುದು ನಮ್ಮ ಖಾತೆಯಿಂದ ಹಣ ಹೊರಗೆ ಹೋಗುವಾಗ ಅಥವಾ ಬಾಕಿ ನೋಡುವಾಗ. ಹಣ ಒಳಗೆ ಬರಲು ಯಾವ ಪಿನ್ನೂ ಬೇಡ, ಯಾವ ಸ್ಕ್ಯಾನೂ ಬೇಡ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ಕೋರಿಕೆಯನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ, ಆದರೆ ಕ್ಯೂಆರ್ ಕೋಡಿನ ದಾರಿ ಹಾಗೆಯೇ ಇದೆ. ನಮ್ಮ ಮನೆಯಲ್ಲಿ ನಿಯಮ ಸರಳವಾಗಿದೆ: ಮುಂಗಡ ಕೊಡುವವರಿಗೆ ನಮ್ಮ ಕ್ಯೂಆರ್ ಕೋಡ್ ಕಳಿಸುತ್ತೇವೆ, ಅವರು ಕಳಿಸಿದ ಯಾವುದನ್ನೂ ನಾವು ಸ್ಕ್ಯಾನ್ ಮಾಡುವುದಿಲ್ಲ. ಕರೆ ಮಾಡಿದವರು ಸುಬೇದಾರರೇ ಆಗಿರಲಿ, ಮೇಜರ್ ಜನರಲ್ಲೇ ಆಗಿರಲಿ, ನಿಯಮ ಬದಲಾಗುವುದಿಲ್ಲ. ನಿಜವಾದ ಅಧಿಕಾರಿಗಳು ಇದಕ್ಕೆ ಬೇಸರಪಟ್ಟುಕೊಂಡಿದ್ದನ್ನು ನಾನು ಈವರೆಗೆ ಕಂಡಿಲ್ಲ.

ಅತಿಥಿಗಳ ವಿಷಯದಲ್ಲಿ ನಮ್ಮ ಕಡೆಯ ಜವಾಬ್ದಾರಿಯೂ ಇದೆ, ಅದನ್ನು ಹೋಂಸ್ಟೇಯವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಂದವರೆಲ್ಲರ ಆಧಾರ್ ಕಾರ್ಡಿನ ಫೋಟೋಗಳು ವರ್ಷಗಟ್ಟಲೆ ನಮ್ಮ ವಾಟ್ಸ್‌ಆ್ಯಪ್ ಮತ್ತು ಗ್ಯಾಲರಿಯಲ್ಲಿ ಬಿದ್ದಿರುತ್ತವೆ. ಫೋನ್ ಕಳೆದುಹೋದರೆ ಅಥವಾ ಮಕ್ಕಳ ಕೈಗೆ ಹೋಗಿ ಯಾವುದೋ ಆ್ಯಪ್‌ಗೆ ಗ್ಯಾಲರಿಯ ಅನುಮತಿ ಸಿಕ್ಕಿದರೆ ಅಷ್ಟೂ ಮಂದಿಯ ಗುರುತು ಬೀದಿಪಾಲು. ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಕೋಣೆ ಕಾದಿರಿಸುವಾಗಲೇ ಕೇಳಿದರೆ ಬಹಳ ಮಂದಿ ಸಂತೋಷದಿಂದ ಕೊಡುತ್ತಾರೆ. ದಾಖಲೆಯ ಪುಸ್ತಕಕ್ಕೆ ಬೇಕಾದ ವಿವರ ಬರೆದುಕೊಂಡ ಮೇಲೆ ಫೋಟೋ ಅಳಿಸಿಹಾಕುವುದು, ಟ್ರ್ಯಾಶ್ ಫೋಲ್ಡರನ್ನೂ ಖಾಲಿ ಮಾಡುವುದು ನಮ್ಮಲ್ಲಿ ಭಾನುವಾರದ ಕೆಲಸ.

ಇನ್ನು ಜೆರಾಕ್ಸ್ ಅಂಗಡಿ. ತಾಲ್ಲೂಕು ಪಟ್ಟಣಗಳಲ್ಲಿ ಸೈಬರ್ ಸುರಕ್ಷತೆಯ ಅತಿ ದುರ್ಬಲ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಅಂಗಡಿಯವರ ಮೇಲೆ ಅಪವಾದ ಹೊರಿಸುವ ಉದ್ದೇಶವಿಲ್ಲದೆ. ಆರ್‌ಟಿಸಿ, ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲವನ್ನೂ ಅಂಗಡಿಯ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳಿಸಿ ಪ್ರಿಂಟ್ ತೆಗೆಸುವುದು ನಮ್ಮಲ್ಲಿ ರೂಢಿ. ಆ ಅಂಗಡಿಯ ಕಂಪ್ಯೂಟರ್‌ನಲ್ಲಿ ವಾಟ್ಸ್‌ಆ್ಯಪ್ ವೆಬ್ ಇಡೀ ದಿನ ತೆರೆದಿರುತ್ತದೆ, ಡೌನ್‌ಲೋಡ್ ಫೋಲ್ಡರಿನಲ್ಲಿ ಇಡೀ ಹೋಬಳಿಯ ಜಾತಕ ಕೂತಿರುತ್ತದೆ, ಅದೇ ಕಂಪ್ಯೂಟರ್‌ನಲ್ಲಿ ಯಾರ್ಯಾರದೋ ಪೆನ್‌ಡ್ರೈವ್‌ಗಳು ಬಂದು ಹೋಗುತ್ತಿರುತ್ತವೆ. ಸಣ್ಣದೊಂದು ಪ್ರಿಂಟರ್ ಮನೆಯಲ್ಲಿದ್ದರೆ ಈ ತಲೆನೋವೇ ಇಲ್ಲ. ಇಲ್ಲದಿದ್ದರೆ ಪ್ರಿಂಟ್ ಆದ ಕೂಡಲೇ, ಅಲ್ಲಿಯೇ ನಿಂತು, ಕಳಿಸಿದ ಸಂದೇಶವನ್ನು ಎಲ್ಲರಿಗೂ ಅಳಿಸುವ ಆಯ್ಕೆಯಿಂದ ಅಳಿಸಿ, ಡೌನ್‌ಲೋಡ್ ಆದ ಪ್ರತಿಯನ್ನೂ ತೆಗೆಯುವಂತೆ ಅಂಗಡಿಯವರನ್ನು ಕೇಳಬೇಕು. ಕೇಳುವುದಕ್ಕೆ ಸಂಕೋಚವಾಗುತ್ತದೆ ನಿಜ. ಆದರೆ ಅವರಿಗೂ ಆ ಕಡತಗಳನ್ನು ಇಟ್ಟುಕೊಂಡು ಆಗಬೇಕಾದ್ದು ಏನೂ ಇಲ್ಲ, ಹೇಳಿದರೆ ಅಳಿಸುತ್ತಾರೆ.

ಇದು ಅತಿಯಾದ ಎಚ್ಚರಿಕೆ ಎನ್ನಿಸಿದರೆ, 2023ರಲ್ಲಿ ಕರ್ನಾಟಕದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬೇಕು. ಆಸ್ತಿ ನೋಂದಣಿಯ ದಾಖಲೆಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ, ಒಟಿಪಿಯ ಗೊಡವೆಯೇ ಇಲ್ಲದೆ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ವರದಿಯಾದವು. ತೋಟ ಮಾರಿದವರು, ಕೊಂಡವರು, ವಿಭಾಗಪತ್ರ ಮಾಡಿಸಿಕೊಂಡವರು ಕೊಡಗಿನಲ್ಲಿ ಕಡಿಮೆಯಿಲ್ಲ, ಎಲ್ಲರ ಹೆಬ್ಬೆಟ್ಟೂ ಎಲ್ಲೋ ಒಂದು ಕಡೆ ದಾಖಲಾಗಿದೆ. ಪಾಸ್‌ವರ್ಡನ್ನಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಅದಕ್ಕೆ ಪರಿಹಾರವೆಂದರೆ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡುವುದು. ಲಾಕ್ ಆಗಿರುವಷ್ಟು ಕಾಲ ಬೆರಳಚ್ಚಿನಿಂದಾಗಲೀ ಕಣ್ಣಿನ ಪಾಪೆಯಿಂದಾಗಲೀ ದೃಢೀಕರಣ ನಡೆಯುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಪಡಿತರ ತರುವ ಮನೆಯವರು ಮಾತ್ರ ಹೋಗುವ ಮುನ್ನ ಲಾಕ್ ತೆರೆಯುವುದನ್ನು ನೆನಪಿಡಬೇಕು, ಇಲ್ಲವಾದರೆ ಸಾಲಿನಲ್ಲಿ ನಿಂತವರ ಬೈಗುಳ ತಪ್ಪಿದ್ದಲ್ಲ. ಸಂದೇಹವಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ ಕೇಳಬಹುದು.

ಫೋನಿಗೆ ಬೀಗ ಹಾಕುವುದು ಎಲ್ಲರಿಗೂ ಗೊತ್ತು. ಸಿಮ್ಮಿಗೂ ಬೀಗ ಉಂಟು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಬಸ್ಸಿನಲ್ಲೋ ಸಂತೆಯಲ್ಲೋ ಕಳೆದ ಫೋನಿನ ಪರದೆಯನ್ನು ತೆರೆಯಲು ಕಳ್ಳನಿಗೆ ಸಾಧ್ಯವಾಗದಿರಬಹುದು, ಆದರೆ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಸಿಮ್ ಪಿನ್ ಇಟ್ಟರೆ ಬೇರೆ ಫೋನಿಗೆ ಹಾಕಿದಾಗಲೂ, ಫೋನನ್ನು ಮರುಚಾಲನೆ ಮಾಡಿದಾಗಲೂ ಆ ಅಂಕಿ ಕೇಳುತ್ತದೆ. ಮೂರು ಸಲ ತಪ್ಪು ಒತ್ತಿದರೆ ಸಿಮ್ ಸ್ಥಗಿತಗೊಂಡು ಅದನ್ನು ಮತ್ತೆ ತೆರೆಯಲು ಕಂಪನಿಯ ಪಿಯುಕೆ ಎಂಬ ಸಂಖ್ಯೆ ಬೇಕಾಗುವುದರಿಂದ, ಮೊದಲಿಗೆ ಇರುವ ಪಿನ್ ಯಾವುದು ಎಂದು ತಿಳಿದುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು. ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಒಳಗಿನ ಮಾತು ಕಾಣಿಸದಂತೆ ಮಾಡುವುದು ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಆರಂಕಿಯ ಪಿನ್ ಇಡುವುದು ಐದು ನಿಮಿಷದ ಕೆಲಸ.

ಸುಗ್ಗಿ ಮುಗಿದು, ಕಾಫಿ ಹೂ ಬಿಟ್ಟು, ಏಪ್ರಿಲ್ ಮೇ ತಿಂಗಳಲ್ಲಿ ಮದುವೆಗಳು ಶುರುವಾದರೆ ಕರೆಯೋಲೆಗಳ ಸುರಿಮಳೆ. ಈಗೀಗ ಮದುವೆಯ ಆಮಂತ್ರಣ ಎಂಬ ಹೆಸರಿನಲ್ಲಿ ಎಪಿಕೆ ಕಡತಗಳು ಬರುತ್ತಿವೆ. ಟ್ರಾಫಿಕ್ ದಂಡದ ಹೆಸರಿನಲ್ಲೂ ಬರುತ್ತಿವೆ. ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್ ಅನ್ನು ಪ್ಲೇಸ್ಟೋರಿನ ಹೊರಗಿನಿಂದ ಕೂರಿಸುವ ಕಡತ. ಅದು ಕೂತ ಮೇಲೆ ಸಂದೇಶಗಳನ್ನು ಓದುವ ಅನುಮತಿ ಕೇಳುತ್ತದೆ, ಒಪ್ಪಿದರೆ ನಮ್ಮ ಒಟಿಪಿಯನ್ನು ಸದ್ದಿಲ್ಲದೆ ಬೇರೆಯವರಿಗೆ ದಾಟಿಸುತ್ತದೆ, ಜೊತೆಗೆ ನಮ್ಮ ಹೆಸರಿನಲ್ಲಿಯೇ ಎಲ್ಲ ಬಂಧುಗಳಿಗೂ ಅದೇ ಆಮಂತ್ರಣವನ್ನು ಕಳಿಸುತ್ತದೆ. ಗುರುತಿನವರ ಸಂಖ್ಯೆಯಿಂದಲೇ ಬಂದಿರುವುದರಿಂದ ಅನುಮಾನವೂ ಬರುವುದಿಲ್ಲ. ಮದುವೆಯ ಕಾಗದ ಫೋಟೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ವಿಡಿಯೋ ಆಗಿರುತ್ತದೆ. ಆ್ಯಪ್ ಆಗಿರಲು ಯಾವ ಕಾರಣವೂ ಇಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಮೂಲದ ಆ್ಯಪ್‌ಗಳನ್ನು ಕೂರಿಸುವ ಅನುಮತಿ ವಾಟ್ಸ್‌ಆ್ಯಪ್‌ಗೂ ಬ್ರೌಸರಿಗೂ ಇಲ್ಲದಂತೆ ಮಾಡಿಟ್ಟರೆ ಕೈತಪ್ಪಿ ಒತ್ತಿದರೂ ಅದು ಕೂರುವುದಿಲ್ಲ.

ಕರೆಂಟ್ ಬಿಲ್ ಕಟ್ಟದ ಕಾರಣ ಇಂದು ರಾತ್ರಿ ಒಂಬತ್ತೂವರೆಗೆ ವಿದ್ಯುತ್ ಕಡಿತಗೊಳಿಸಲಾಗುವುದು, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂಬ ಸಂದೇಶ ಇನ್ನೊಂದು. ಜೂನ್ ತಿಂಗಳ ಗಾಳಿಮಳೆಯಲ್ಲಿ ಬಿಲ್ ಕಟ್ಟಿದವರಿಗೂ ಕರೆಂಟ್ ಇರುವುದಿಲ್ಲ, ಹಾಗಾಗಿ ಕೊಡಗಿನವರನ್ನು ಈ ಬೆದರಿಕೆಯಿಂದ ಹೆದರಿಸುವುದು ಸ್ವಲ್ಪ ಕಷ್ಟ. ಆದರೂ ಕರೆ ಮಾಡಿದವರಿಗೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿಕೊಳ್ಳಲು ಹೇಳಿ, ಅವರು ಹತ್ತು ರೂಪಾಯಿ ಕಟ್ಟುವಾಗ ಒತ್ತಿದ್ದೆಲ್ಲವನ್ನೂ ನೋಡಿಕೊಂಡು ಖಾತೆ ಬರಿದು ಮಾಡುವುದು ಇದರ ವರಸೆ. ಬಾಕಿ ಇದೆಯೇ ಎಂದು ತಿಳಿಯಬೇಕಾದರೆ ನಮ್ಮ ಕಡೆಯ ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಸ್ವಂತ ಜಾಲತಾಣವನ್ನು ನೋಡಬೇಕು ಅಥವಾ ಲೈನ್‌ಮನ್ ಅವರನ್ನು ಕೇಳಬೇಕು. ಸಂದೇಶದಲ್ಲಿ ಬಂದ ಸಂಖ್ಯೆಗೆ ಕರೆ ಮಾಡಿ ಸಂದೇಶ ನಿಜವೇ ಎಂದು ವಿಚಾರಿಸುವುದು ಕಳ್ಳನ ಹತ್ತಿರ ಕಳ್ಳನ ವಿಳಾಸ ಕೇಳಿದ ಹಾಗೆ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಒಂದು ಅನುಕೂಲ ಮಾಡಿದೆ: 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ತಮ್ಮ ಜಾಲತಾಣದ ವಿಳಾಸವನ್ನು ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವಂತೆ ಬದಲಿಸಿಕೊಳ್ಳಬೇಕೆಂದು ಸೂಚಿಸಿತು. ಬೇರೆ ಬಾಲವಿರುವ ಕೊಂಡಿ ಬ್ಯಾಂಕಿನ ಹೆಸರಿನಲ್ಲಿ ಬಂದರೆ ಅಲ್ಲಿಗೇ ಬಿಟ್ಟುಬಿಡಬಹುದು.

ನನಗೆ ಹೆಚ್ಚು ಚಿಂತೆಯಾಗುವುದು ತೋಟದ ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರ ಬಗ್ಗೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ಪಕ್ಕದ ಮನೆ ಎಂದರೆ ಒಂದು ಮೈಲಿ ದೂರ, ನಿವೃತ್ತಿಯ ಹಣ ಠೇವಣಿಯಲ್ಲಿರುತ್ತದೆ, ಅಧಿಕಾರಿಯ ಮಾತಿಗೆ ಮರ್ಯಾದೆ ಕೊಟ್ಟು ಬೆಳೆದ ತಲೆಮಾರು. ಡಿಜಿಟಲ್ ಅರೆಸ್ಟ್ ಎಂಬ ವಂಚನೆಗೆ ಇದಕ್ಕಿಂತ ಹದವಾದ ನೆಲ ಸಿಗದು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್‌ನಿಂದ ಅಕ್ರಮ ಹಣ ಸಾಗಿದೆ ಎಂದು ಹೆದರಿಸಿ, ವಿಡಿಯೋ ಕರೆಯಲ್ಲಿ ಪೊಲೀಸ್ ಠಾಣೆಯ ಹಿನ್ನೆಲೆ ತೋರಿಸಿ, ಕ್ಯಾಮೆರಾ ಮುಂದಿನಿಂದ ಏಳದಂತೆ, ಮಕ್ಕಳಿಗೂ ಹೇಳದಂತೆ ಗಂಟೆಗಟ್ಟಲೆ ಕೂರಿಸಿಕೊಳ್ಳುತ್ತಾರೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. 2024ರ ಅಕ್ಟೋಬರ್ 27ರ ಮನದ ಮಾತಿನಲ್ಲಿ ಪ್ರಧಾನಿಯವರೂ ಇದನ್ನು ಸ್ಪಷ್ಟವಾಗಿ ಹೇಳಿದ್ದರು.

ಇದನ್ನು ಅತ್ತೆಯವರಿಗೆ ವಿವರಿಸಿದಾಗ ಅವರು ಕೇಳಿದ್ದು ಬೇರೆಯದೇ ಪ್ರಶ್ನೆ. “ಪೊಲೀಸರು ಮಾತಾಡ್ತಾ ಇರುವಾಗ ಫೋನ್ ಇಡುವುದು ಮರ್ಯಾದೆಯಾ?” ಎಂದರು. “ನಿಜವಾದ ಪೊಲೀಸರಾದರೆ ಮನೆಗೇ ಬರ್ತಾರೆ ಅತ್ತೆ, ಕಾಫಿ ಕೊಟ್ಟು ಕೂರಿಸಿ ಮಾತಾಡುವ” ಎಂದೆ. ಆ ಉತ್ತರ ಅವರಿಗೆ ಒಪ್ಪಿಗೆಯಾಯಿತು, ಏಕೆಂದರೆ ಅವರ ಅಡ್ಡಿ ಭಯವಲ್ಲ, ಸೌಜನ್ಯ. ಹಿರಿಯರಿಗೆ ಎಚ್ಚರಿಕೆ ಹೇಳುವಾಗ ತಂತ್ರಜ್ಞಾನದ ಪಾಠಕ್ಕಿಂತ ಮುಖ್ಯವಾದದ್ದು ಈ ಅನುಮತಿ: ಯಾರೇ ಆಗಿರಲಿ, ಹಣದ ಅಥವಾ ಬಂಧನದ ಮಾತೆತ್ತಿದರೆ ಅರ್ಧ ವಾಕ್ಯದಲ್ಲಿಯೇ ಫೋನ್ ಇಡಬಹುದು, ಅದು ಒರಟುತನವಲ್ಲ ಎಂದು ಮಕ್ಕಳೇ ಬಾಯಿಬಿಟ್ಟು ಹೇಳಬೇಕು. ಫೋನ್ ಇಟ್ಟ ಮೇಲೆ ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಗೊತ್ತುಮಾಡಬೇಕು. ಮಗನ ದನಿಯನ್ನೇ ಅನುಕರಿಸಿ ಅಪಘಾತವಾಗಿದೆ, ಹಣ ಕಳಿಸಿ ಎನ್ನುವ ಕರೆಗಳೂ ಸಾಧ್ಯವಾಗಿರುವ ಈ ಕಾಲದಲ್ಲಿ ಮನೆಯವರಿಗೆ ಮಾತ್ರ ತಿಳಿದಿರುವ ಒಂದು ಮಾತನ್ನು ಗುರುತಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಸತ್ತುಹೋದ ನಾಯಿಯ ಹೆಸರಾದರೂ ಸಾಕು, ಅದನ್ನು ಫೇಸ್‌ಬುಕ್‌ನಲ್ಲಿ ಹಾಕಿರಬಾರದು ಅಷ್ಟೆ.

ಕಚೇರಿಯ ಕಡೆಗೆ ಬಂದರೆ, ಕಾಫಿ ವ್ಯಾಪಾರದಲ್ಲಿ ದೊಡ್ಡ ಅಪಾಯ ಒಂದು ಸಾಧಾರಣ ಇಮೇಲ್‌ನಿಂದ ಬರುತ್ತದೆ. ಪರಿಚಿತ ವ್ಯಾಪಾರಿಯ ಹೆಸರಿನಲ್ಲಿ, ಹಳೆಯ ಬಿಲ್ಲಿನ ಸಂಖ್ಯೆಯನ್ನೂ ಸರಿಯಾಗಿ ಉಲ್ಲೇಖಿಸಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಣ ಹಾಕಿ ಎಂಬ ಪತ್ರ ಬರುತ್ತದೆ. ಯಾರದೋ ಮೇಲ್‌ಪೆಟ್ಟಿಗೆಯೊಳಗೆ ಕಳ್ಳ ವಾರಗಟ್ಟಲೆ ಕೂತು ಓದಿಕೊಂಡಿದ್ದರೆ ಚೀಲಗಳ ಲೆಕ್ಕ, ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ), ತೂಕದ ಚೀಟಿಯ ದಿನಾಂಕ, ಎಲ್ಲವೂ ತಾಳೆಯಾಗುತ್ತದೆ. ವಿಳಾಸದಲ್ಲಿ ಒಂದಕ್ಷರ ಮಾತ್ರ ಆಚೀಚೆಯಾಗಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಇಲ್ಲಿ ಇಮೇಲನ್ನು ಎಷ್ಟು ಸಲ ಓದಿದರೂ ಪ್ರಯೋಜನವಿಲ್ಲ. ಮೊದಲಿನಿಂದ ನಮ್ಮ ಪುಸ್ತಕದಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಪರಿಚಿತ ದನಿಯಲ್ಲಿ ಕೇಳಿ ತಿಳಿಯದ ಹೊರತು ಖಾತೆ ಬದಲಿಸಬಾರದು. ಒಬ್ಬರು ಪಾವತಿ ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆಯನ್ನು ವ್ಯಾಪಾರಿ ಖಾತೆಗಳಿಗೆ ಬ್ಯಾಂಕುಗಳೇ ಒದಗಿಸುತ್ತವೆ. ಸುಗ್ಗಿಯ ದಿನಗಳಲ್ಲಿ ಇದು ಕಿರಿಕಿರಿ ಎನಿಸುತ್ತದೆ, ಲಾರಿ ಹೊರಗೆ ನಿಂತಿರುತ್ತದೆ, ಬೆಳೆಗಾರರು ಎದುರಿಗೆ ಕೂತಿರುತ್ತಾರೆ. ವಂಚಕರು ಆರಿಸಿಕೊಳ್ಳುವುದೂ ಅಂಥ ಹೊತ್ತನ್ನೇ.

ಪಾಸ್‌ವರ್ಡ್ ಬಗ್ಗೆ ಹಳೆಯ ಕಚೇರಿಗಳಲ್ಲಿ ಇನ್ನೂ ಒಂದು ತಪ್ಪು ನಂಬಿಕೆಯಿದೆ. ತಿಂಗಳಿಗೊಮ್ಮೆ ಬದಲಿಸಬೇಕು ಎನ್ನುತ್ತಾರೆ, ಹಾಗೆ ಹೇಳಿಸಿಕೊಂಡವರು ಕೊನೆಯ ಅಂಕಿಯನ್ನು ಒಂದು, ಎರಡು, ಮೂರು ಎಂದು ಏರಿಸುತ್ತಾ ಹೋಗುತ್ತಾರೆ. ಅಮೆರಿಕದ ಮಾನದಂಡ ಸಂಸ್ಥೆಯಾದ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲಿಯೇ ಇದನ್ನು ಕೈಬಿಟ್ಟು, ಸೋರಿಕೆಯ ಸುಳಿವಿದ್ದಾಗ ಮಾತ್ರ ಬದಲಿಸಿದರೆ ಸಾಕು, ಉದ್ದವೇ ಮುಖ್ಯ ಎಂದಿತು. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದ ಪಾಸ್‌ವರ್ಡ್ ನೆನಪಿಡಲೂ ಸುಲಭ, ಒಡೆಯಲೂ ಕಷ್ಟ. ಉಳಿದವನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನು ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪ್‌ಗೆ ಬಿಟ್ಟು ಒಂದೊಂದು ಖಾತೆಗೂ ಒಂದೊಂದು ಇಡಬೇಕು. ಎಲ್ಲಕ್ಕಿಂತ ಮೊದಲು ಕಾಪಾಡಬೇಕಾದದ್ದು ಇಮೇಲ್ ಖಾತೆಯನ್ನು, ಏಕೆಂದರೆ ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಎರಡನೆಯ ಹಂತದ ದೃಢೀಕರಣಕ್ಕೆ ಅಥೆಂಟಿಕೇಟರ್ ಆ್ಯಪ್ ಬಳಸುವುದರಲ್ಲಿ ನಮಗೆ ಇನ್ನೊಂದು ಲಾಭವೂ ಇದೆ. ಅದರ ಅಂಕಿ ಫೋನಿನೊಳಗೇ ಮೂವತ್ತು ಸೆಕೆಂಡಿಗೊಮ್ಮೆ ಹುಟ್ಟುತ್ತದೆ, ನೆಟ್‌ವರ್ಕ್ ಬೇಕಿಲ್ಲ. ಮಳೆಗಾಲದಲ್ಲಿ ಟವರ್ ಸತ್ತು ಒಟಿಪಿಗಾಗಿ ಗೇಟಿನ ತನಕ ಓಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಕಂಪ್ಯೂಟರ್ ಅಪ್‌ಡೇಟ್ ಕೇಳಿದಾಗಲೆಲ್ಲ ನಾಳೆ ಎಂದು ಮುಂದೂಡುವುದು ಕಚೇರಿಗಳ ಸಾಮಾನ್ಯ ರೋಗ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರ್‍ಯಾನ್ಸಮ್‌ವೇರ್ ಜಗತ್ತನ್ನು ಕಾಡಿದಾಗ, ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ತೇಪೆ ಬಿಡುಗಡೆ ಮಾಡಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ ಅದರಲ್ಲಿಯೇ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ನಡೆಸುತ್ತಿರುವ ಕಚೇರಿಗಳು ಈಗಲೂ ಇವೆ. ಟ್ಯಾಲಿಯ ಬ್ಯಾಕಪ್ ತೆಗೆದ ಪೆನ್‌ಡ್ರೈವನ್ನು ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿರುವುದನ್ನು ನೋಡಿದರೆ ನನಗೆ ಜೀವ ಹೋದಂತಾಗುತ್ತದೆ, ಏಕೆಂದರೆ ರ್‍ಯಾನ್ಸಮ್‌ವೇರ್ ಆ ಪೆನ್‌ಡ್ರೈವನ್ನೂ ಬಿಡುವುದಿಲ್ಲ, ಸಿಡಿಲೂ ಬಿಡುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ನಿಯಮವನ್ನು ಬೇರೆಡೆ ಪುಸ್ತಕದ ಮಾತು ಎನ್ನಬಹುದು, ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆಗಳೇ ಹೋದದ್ದನ್ನು ಕಂಡ ಜಿಲ್ಲೆಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಗೆದ ಬ್ಯಾಕಪ್ ತೆರೆಯುತ್ತದೆಯೇ ಎಂದು ಆಗಾಗ ಮರುಸ್ಥಾಪಿಸಿ ನೋಡುವುದೂ ಇದರ ಭಾಗವೇ.

ವೈಫೈ ರೌಟರ್ ಮತ್ತು ಕ್ಯಾಮೆರಾಗಳಿಗೆ ಕಂಪನಿ ಕೊಟ್ಟ ಮೂಲ ಪಾಸ್‌ವರ್ಡ್ ಬದಲಿಸಬೇಕು, ಹೋಂಸ್ಟೇ ಅತಿಥಿಗಳಿಗೆ ಗೆಸ್ಟ್ ಜಾಲವನ್ನು ಬೇರೆ ಮಾಡಿಕೊಡಬೇಕು. ಇವೆರಡೂ ಒಮ್ಮೆ ಮಾಡಿ ಮುಗಿಸುವ ಕೆಲಸಗಳು.

ಇಷ್ಟೆಲ್ಲ ಮಾಡಿದರೂ ಹಣ ಹೋಗಬಹುದು. ಆಗ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಎರಡನೆಯದು ಬ್ಯಾಂಕಿಗೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುವುದರಿಂದ, ಕೈಯಿಂದ ಕೈಗೆ ದಾಟಿ ನಗದಾಗುವ ಮುಂಚೆ ತಡೆಹಿಡಿಯಲು ಸಿಗುವ ಕಾಲ ಬಹಳ ಕಡಿಮೆ. ಮೊದಲು ಮನೆಯವರಲ್ಲಿ ಚರ್ಚಿಸಿ, ಮರುದಿನ ಬ್ಯಾಂಕ್ ತೆರೆದ ಮೇಲೆ ಹೋಗೋಣ ಎಂದುಕೊಂಡರೆ ತಡವಾಗುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬೇಕು, ಮಡಿಕೇರಿಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರದಾಗಲೀ ಬ್ಯಾಂಕಿನದಾಗಲೀ ತಪ್ಪಿಲ್ಲದೆ ಮೂರನೆಯವರಿಂದ ನಡೆದ ಅನಧಿಕೃತ ವ್ಯವಹಾರವನ್ನು ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಪಿನ್ ಅಥವಾ ಒಟಿಪಿಯನ್ನು ನಾವೇ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಮ್ಮದು, ದೂರು ಕೊಟ್ಟ ನಂತರದ್ದು ಬ್ಯಾಂಕಿನದು. ಆದ್ದರಿಂದ ತಪ್ಪು ಯಾರದೆಂದು ಮನೆಯಲ್ಲಿ ತೀರ್ಮಾನವಾಗುವ ತನಕ ಕಾಯದೆ ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಬ್ಯಾಂಕಿನೊಂದಿಗೆ ವಾದಿಸುವಾಗ ಕೈಯಲ್ಲಿರುವ ದಾಖಲೆ ಅದೊಂದೇ.